ಪಶ್ಚಿಮದ ಅಮೆರಿಕಾಕ್ಕೆ ಪೂರ್ವದ ದಾರಿ

ತಂಗಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಶನಿವಾರ ಕಲಬುರಗಿಯ ನಮ್ಮ ಮನೆಯಲ್ಲಿ ಯಾರೂ ಟಿವಿ ಹಾಕಲಿಲ್ಲ. ಎಲ್ಲರ ಕಣ್ಣೂ ನನ್ನ ಮೊಬೈಲ್ ಮೇಲೆ. ಮ್ಯಾಪಿನಲ್ಲಿ ಪುಟ್ಟ ವಿಮಾನ ಬೆಂಗಳೂರು ಬಿಟ್ಟು ಈಶಾನ್ಯಕ್ಕೆ ಮೂತಿ ತಿರುಗಿಸಿತ್ತು.

"ಅಮೆರಿಕಾ ಪಶ್ಚಿಮಕ್ಕ ಅದ ಅಲಾ? ಇದ್ಯಾಕ ಚೀನಾದ ಕಡಿ ಹೊಂಟದ?" ಅಪ್ಪನಿಗೆ ಗಾಬರಿ. ಗೋಡೆಗೆ ಹಾಕಿದ ನಕಾಶೆಯಲ್ಲಿ ಅಮೆರಿಕಾ ಎಡಕ್ಕೇ ಇದೆ, ಅವರು ಹಾಗೆ ಕೇಳಿದ್ದರಲ್ಲಿ ಆಶ್ಚರ್ಯವೇನು?

ಪಕ್ಕದ ಮನೆ ಹುಡುಗನ ಗ್ಲೋಬ್ ತಂದೆ. ಅಮ್ಮನ ಹೂ ಕಟ್ಟುವ ದಾರವನ್ನು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಬಿಗಿಯಾಗಿ ಹಿಡಿದೆ. ದಾರ ಹೈದರಾಬಾದಿನ ಪೂರ್ವಕ್ಕೆ ಹಾದು, ಟಿಬೆಟ್ ಹತ್ತಿ, ಸೈಬೀರಿಯಾದ ಉತ್ತರ ತುದಿ ಮುಟ್ಟಿ, ಅಲಾಸ್ಕಾ ಮೇಲಿಂದ ಇಳಿಯಿತು. ಎರಡು ಊರಿನ ನಡುವೆ ಅದೇ ಅತಿ ಹತ್ತಿರದ ದಾರಿ, ಸುಮಾರು 13,990 ಕಿ.ಮೀ. ಕಲಬುರಗಿ ಮೇಲೆ ಹಾಯುವುದಿಲ್ಲ ಎಂದು ಅಮ್ಮನಿಗೆ ಸ್ವಲ್ಪ ಬೇಜಾರು.

ಆದರೆ ವಿಮಾನ ದಾರದ ಮೇಲೂ ಹೋಗಲಿಲ್ಲ. ಒಳಗಿನ ಗಾಳಿಯ ಒತ್ತಡ ಕಡಿಮೆಯಾದರೆ ಪೈಲಟ್ ತಕ್ಷಣ ಸುಮಾರು 10,000 ಅಡಿಗೆ ಇಳಿಯಬೇಕು. ಟಿಬೆಟ್ಟಿನಲ್ಲಿ ನೆಲವೇ ಅದಕ್ಕಿಂತ ಎತ್ತರ, ಇಳಿಯೋದೆಲ್ಲಿ? ಅದಕ್ಕೇ ಆ ಭಾಗ ತಪ್ಪಿಸಿ, ಪೂರ್ವಕ್ಕೆ ಸರಿದು, ಪೆಸಿಫಿಕ್ ದಾಟುತ್ತಾರೆ. ದಾರಿ ಉದ್ದವಾದರೂ ನಷ್ಟವಿಲ್ಲ. ಅಷ್ಟು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಬೆನ್ನಿಗೆ ಸಿಗುತ್ತದೆ. ಬರುವಾಗ ಅದೇ ಗಾಳಿ ಎದುರಾಗುತ್ತದೆ. ಅಂದರೆ ಕಿಲೋಮೀಟರ್ ಕೇಳಿ ಗಂಟೆ ಲೆಕ್ಕ ಹಾಕುವುದು ಅರ್ಧ ಲೆಕ್ಕ ಅಷ್ಟೇ.

ಅಮ್ಮನ ಲೆಕ್ಕವೇ ಬೇರೆ. "ಎಷ್ಟೊತ್ತಿಗಿ ಮುಟ್ತಾಳ?" ಹದಿನಾರು ಗಂಟೆ ಆಗಬಹುದು ಎಂದೆ. ಅವರಿಗೆ ಅದು ದೊಡ್ಡದೆನಿಸಲಿಲ್ಲ. ಯಾದಗಿರಿ, ರಾಯಚೂರು, ಗುಂತಕಲ್ ದಾಟಿ ಬೆಂಗಳೂರಿಗೆ ಹೋಗುವ ರೈಲಿನಲ್ಲೇ ಒಂದು ರಾತ್ರಿ ಕಳೆದುಹೋಗುತ್ತದೆ ಅಲ್ವಾ? ನನಗೂ ಆ ರೈಲೇ ಜಾಸ್ತಿ ದೂರ ಅನಿಸುತ್ತದೆ, ಸುಳ್ಳೇಕೆ ಹೇಳಲಿ.

ಭಾನುವಾರ ಬೆಳಗ್ಗೆ ಫೋನ್ ಬಂತು. "ಇಲ್ಲಿ ಇನ್ನೂ ಶನಿವಾರ ಸಂಜೆ" ಎಂದಳು. ಬೇಸಿಗೆಯಲ್ಲಿ ಅವರ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಶನಿವಾರ ಮಧ್ಯಾಹ್ನ ಹೊರಟವಳು ಶನಿವಾರವೇ ಇಳಿದಿದ್ದಾಳೆ!

"ಹಂಗಾದ್ರ ಬರೂಮುಂದ?" ಅಪ್ಪ ಕೇಳಿದರು. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ನೇರ ವಿಮಾನ ಶುರು ಮಾಡಿದಾಗ, ಪೂರಾ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ಬಂದರು. 9ರ ರಾತ್ರಿ ಅಲ್ಲಿ ಬಿಟ್ಟವರು ಬೆಂಗಳೂರಿನಲ್ಲಿ ಇಳಿದದ್ದು 11ರ ನಸುಕಿಗೆ. ಇದನ್ನು ಹೇಳಿದ್ದೇ ತಡ, ಅಪ್ಪ ಕ್ಯಾಲೆಂಡರ್ ತಂದರು. ಹೋಳಿ ಆದ ಮೇಲೆ ಬರುವ ಶರಣಬಸವೇಶ್ವರ ಜಾತ್ರೆಗೆ ಮಗಳು ಬರಬೇಕು. ತೇರಿನ ದಿನದಿಂದ ಹಿಂದಕ್ಕೆ ಎಣಿಸತೊಡಗಿದರು. ವಿಮಾನಕ್ಕೆ ಎರಡು ತಾರೀಖು, ರೈಲಿಗೆ ಒಂದು, ಮೇಲೊಂದು ಇರಲಿ ಎಂದು ಇನ್ನೊಂದು.