ಈರುಳ್ಳಿ ಸೀದ ವಾಸನೆ

ಬೆಂಗಳೂರಿನ ಲಾರಿಗೆ ಹೀಟರ್ ಯಾಕಪ್ಪಾ ಅನ್ನೋರು ಡಿಸೆಂಬರಲ್ಲಿ ಒಂದ್ಸಲ ನಮ್ಮ ಜೊತೆ ಊಟಿಗೆ ಬನ್ನಿ. ಯಶವಂತಪುರದಿಂದ ಈರುಳ್ಳಿ ಹೊತ್ತು ಹೋಗಿ ಕ್ಯಾರೆಟ್ ತುಂಬಿಕೊಂಡು ಬರೋ ಲಾರಿ ನಮ್ಮದು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಗುಂಡ್ಲುಪೇಟೆಯಲ್ಲಿ ಮಲಗೆದ್ದು ಹೊರಟರೆ ಮುಂದಿನ ಗಾಜಿನ ಒಳಗೆಲ್ಲ ಹಬೆ. ಒರೆಸಿದಷ್ಟೂ ಕಟ್ಟುತ್ತೆ.

ಹೀಟರ್ ಫ್ಯಾನು 1, 2ರಲ್ಲಿ ಸತ್ತಿತ್ತು, 3ರಲ್ಲಿ ಮಾತ್ರ ಭರ್ರೋ ಅಂತಿತ್ತು. ಇದು ರೆಸಿಸ್ಟರ್ (ಕರೆಂಟು ತಗ್ಗಿಸೋ ಸುರುಳಿ) ಕಾಯಿಲೆ. ಕೊನೇ ಸ್ಪೀಡಿಗೆ ಕರೆಂಟು ನೇರ ಮೋಟರಿಗೆ, ಕೆಳಗಿನ ಎರಡಕ್ಕೆ ರೆಸಿಸ್ಟರ್ ದಾಟಿಕೊಂಡು ಹೋಗುತ್ತೆ. ಜೆ.ಸಿ. ರೋಡಿಂದ ಹೊಸದು ತಂದು ಹಾಕಿದೆ. ಮೂರು ಟ್ರಿಪ್ ಆಯ್ತು, ಮತ್ತೆ ಅದೇ ಕತೆ.

ಅಂಗಡಿಯವನು ಡೂಪ್ಲಿಕೇಟ್ ಕೊಟ್ಟ ಅಂತ ಬೈಕೊಂಡೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ಭಾನುವಾರ ಮೀಟರ್ ಹಿಡಿದು ಕೂತೆ. 24 ವೋಲ್ಟ್ ಗಾಡಿ. ಇಂಜಿನ್ ಓಡುವಾಗ ಮೋಟರ್ ಪಿನ್ನಿನಲ್ಲಿ 27 ಬಂತು, ಅಂದರೆ ವೈರು, ಸ್ವಿಚ್ಚು ಎರಡೂ ಸರಿ. ಫ್ಯೂಸ್ ಕಿತ್ತು ಆ ಜಾಗಕ್ಕೆ ಮೀಟರ್ ಸೇರಿಸಿದರೆ 9 ಆಂಪ್ಸ್! ಮೋಟರ್ ಎಳೀಬೇಕಾದ್ದಕ್ಕಿಂತ ಜಾಸ್ತಿ. 15ರ ಫ್ಯೂಸ್ ಇದಕ್ಕೆಲ್ಲ ಮಿಸುಕೋದೂ ಇಲ್ಲ. ಸುಡೋದು ರೆಸಿಸ್ಟರೇ.

ಬ್ಲೋಯರ್, ಅಂದರೆ ಆ ಫ್ಯಾನು-ಮೋಟರ್ ಜೋಡಿ, ಬಿಚ್ಚಿದೆ. ಬೆರಳಲ್ಲಿ ತಿರುಗಿಸಿದರೆ ಅರ್ಧ ಸುತ್ತಿಗೇ ನಿಂತಿತು, ಮೋಟರಿನ ದಂಡ ಕೂತು ತಿರುಗೋ ಬುಷ್ ಒಣಗಿ ಬಿಗಿದಿತ್ತು. ರೆಕ್ಕೆಗಳ ಸಂದಿಯಲ್ಲಿ, ರೆಸಿಸ್ಟರಿನ ಸುರುಳಿ ಮೇಲೆ, ಈರುಳ್ಳಿ ಸಿಪ್ಪೆ. ಒಂದೆರಡಲ್ಲ, ಹಿಡಿಗಟ್ಟಲೆ. ಕೆಲವು ಅಂಚು ಕರಕಲಾಗಿದ್ದವು. ಆ ರೆಸಿಸ್ಟರನ್ನ ಗಾಳಿ ಹೋಗೋ ದಾರಿಯಲ್ಲೇ ಕೂರಿಸಿರ್ತಾರೆ, ಫ್ಯಾನಿನ ಗಾಳಿಗೇ ತಣ್ಣಗಿರಲಿ ಅಂತ. ಇಲ್ಲಿ ಗಾಳಿ ಕಮ್ಮಿ, ಮೋಟರ್ ಎಳೆಯೋ ಕರೆಂಟು ಜಾಸ್ತಿ. ಕಾವು ಮೀರಿದರೆ ಕಡಿದುಹೋಗೋ ಅದರ ಥರ್ಮಲ್ ಫ್ಯೂಸ್ ಹೋಗದೆ ಇನ್ನೇನು ಮಾಡೀತು?

"ಅಣ್ಣಾ, ಹೀಟರ್ ಹಾಕಿದ್ರೆ ಈರುಳ್ಳಿ ಸೀದ ವಾಸನೆ ಬರುತ್ತೆ" ಅಂತ ಡ್ರೈವರ್ ಎರಡು ಸಲ ಹೇಳಿದ್ದರು. ಈರುಳ್ಳಿ ಲಾರಿಯಲ್ಲಿ ಇನ್ನೇನು ಮಲ್ಲಿಗೆ ವಾಸನೆ ಬರುತ್ತಾ ಅಂತ ನಾನೇ ನಕ್ಕು ಬಿಟ್ಟಿದ್ದೆ.

ಸಿಪ್ಪೆ ತೆಗೆದು, ಬುಷ್‌ಗೆ ಹೊಲಿಗೆ ಮಷೀನಿನ ಎಣ್ಣೆ ಬಿಟ್ಟು ತಿರುಗಿಸಿ ತಿರುಗಿಸಿ ಸಡಿಲ ಮಾಡಿದೆ. 6 ಆಂಪ್ಸಿಗೆ ಇಳಿಯಿತು. ಇನ್ನೊಂದು ರೆಸಿಸ್ಟರ್ ತರಲೇಬೇಕಾಯ್ತು, ಅದೇ ಅಂಗಡಿಯಿಂದ. ಗಾಳಿ ಎಳೆಯೋ ಬಾಯಿಗೆ ಕಿಟಕಿಯ ಸೊಳ್ಳೆ ಜಾಲರಿ ಕತ್ತರಿಸಿ ಕಟ್ಟಿದ್ದೇನೆ.

ಮೊನ್ನೆ ಊಟಿಯಿಂದ ಬಂದ ಡ್ರೈವರ್ ಗಾಡಿ ಕೀಲಿ ಕೊಡುತ್ತಾ ಹೇಳಿದರು: "ಈಗ ಬರೀ ಹಸಿ ಈರುಳ್ಳಿ ವಾಸನೆ ಅಣ್ಣಾ."