ಒಂದಷ್ಟು ಅಮ್ಮಂದಿರು

ಇವತ್ತು ಸುಮ್ನೆ ಜೇನ್ ಜೇಕಬ್ಸ್ ನೆನಪಾದರು. ನಗರಗಳ ಬಗ್ಗೆ ಅಷ್ಟೊಂದು ಬರೆದ ಹೆಂಗಸಿನ ಹತ್ತಿರ ಕಾಲೇಜಿನ ಡಿಗ್ರಿಯೇ ಇರಲಿಲ್ಲ. ಇದ್ದದ್ದು ನ್ಯೂಯಾರ್ಕಿನ ಹಡ್ಸನ್ ಬೀದಿಯಲ್ಲಿ ಒಂದು ಮನೆ, ಮೂರು ಮಕ್ಕಳು, ಮತ್ತೆ ಕಿಟಕಿಯಿಂದ ಬೀದಿ ನೋಡುವ ಅಭ್ಯಾಸ. (ನಮ್ಮ ಅಜ್ಜಿ ಜಗಲಿ ಮೇಲೆ ಕೂತು ಮಾಡುತ್ತಿದ್ದದ್ದೂ ಅದೇ, ನಾವು ಅದಕ್ಕೆ ಚಾಡಿ ಅನ್ನುತ್ತಿದ್ದೆವು!)

1950ರ ದಶಕದಲ್ಲಿ ರಾಬರ್ಟ್ ಮೋಸೆಸ್ ಅನ್ನುವ ಭಾರೀ ಅಧಿಕಾರಿ, ಮಕ್ಕಳು ಆಡುವ ವಾಷಿಂಗ್ಟನ್ ಸ್ಕ್ವೇರ್ ಪಾರ್ಕಿನ ಮಧ್ಯೆಯೇ ದೊಡ್ಡ ರಸ್ತೆ ಹಾಯಿಸಲು ಹೊರಟಿದ್ದ. ಆ ಸುತ್ತಮುತ್ತಲಿನ ತಾಯಂದಿರು ಆಗಲೇ ಜಗಳಕ್ಕೆ ಇಳಿದಿದ್ದರು, ಜೇನ್ ಕೂಡ ಸೇರಿಕೊಂಡರು. ಇದನ್ನು ಯಾರೂ ವಿರೋಧಿಸುತ್ತಿಲ್ಲ, ಒಂದಷ್ಟು ಅಮ್ಮಂದಿರನ್ನು ಬಿಟ್ಟರೆ, ಅಂತ ಅವನು ಕೂಗಾಡಿದ್ದನಂತೆ. ಜೇನ್ ಅದನ್ನು ಮುಂದೆ ನಗುತ್ತಾ ಹೇಳಿಕೊಳ್ಳುತ್ತಿದ್ದರು. ಆ ಅಮ್ಮಂದಿರೇ ಗೆದ್ದರು, ಅಲ್ವಾ? 1958ರಲ್ಲಿ ಪಾರ್ಕಿಗೆ ಕಾರು ಬರುವುದು ನಿಂತಿತು. ಎಲ್ಲರೂ ರಿಬ್ಬನ್ ಕತ್ತರಿಸಿದರೆ ಅಲ್ಲಿ ರಿಬ್ಬನ್ ಕಟ್ಟಿದರು, ದಾರಿ ಮುಚ್ಚಿದ್ದಕ್ಕೆ. ಕಟ್ಟಿದವರಲ್ಲಿ ಜೇನ್ ಅವರ ಪುಟ್ಟ ಮಗಳೂ ಒಬ್ಬಳು.

ನನಗೆ ಜಾಸ್ತಿ ಕಾಡುವುದು 1968. ಏಪ್ರಿಲ್‌ನಲ್ಲಿ ಇನ್ನೊಂದು ಹೆದ್ದಾರಿ ಯೋಜನೆಯ ಸಭೆಯಲ್ಲಿ ಜೇನ್ ಅರೆಸ್ಟ್ ಆದರು. ಅದೇ ವರ್ಷ, ಇಬ್ಬರು ಗಂಡುಮಕ್ಕಳು ವಿಯೆಟ್ನಾಂ ಯುದ್ಧಕ್ಕೆ ಹೋಗಬೇಕಾಗಬಾರದು ಅಂತ, ಅಷ್ಟು ಹೋರಾಡಿ ಉಳಿಸಿಕೊಂಡ ಬೀದಿಯನ್ನೇ ಬಿಟ್ಟು ಕುಟುಂಬ ಸಮೇತ ಕೆನಡಾದ ಟೊರೊಂಟೊಗೆ ಹೊರಟುಹೋದರು. ಅಲ್ಲಾದರೂ ಸುಮ್ಮನಿದ್ದರಾ? ಅಲ್ಲೂ ಒಂದು ಎಕ್ಸ್‌ಪ್ರೆಸ್‌ವೇ ಬರುತ್ತಿತ್ತು, ಅದರ ವಿರುದ್ಧವೂ ನಿಂತರು. 1971ರಲ್ಲಿ ಅದೂ ನಿಂತಿತು.

2006ರಲ್ಲಿ, 89ನೇ ವಯಸ್ಸಿನಲ್ಲಿ, ಟೊರೊಂಟೊದಲ್ಲೇ ತೀರಿಕೊಂಡರು.