ಸೂಳೆಕೆರೆ ಮಕ್ಕಳಿಗೆ ಸಾಲ್ಮನ್ ಪಾಠ

ಮೀನು ಬರಿದಾಗದಂತೆ ಹಿಡಿಯೋದು, ತಿನ್ನೋದು ಹೇಗೆ ಅಂತ ನಮ್ಮ ಶಾಲೆಯ ಇಕೋ ಕ್ಲಬ್‌ಗೆ ಬಂದ ಪಾಠದ ಮಾಡ್ಯೂಲ್‌ನಲ್ಲಿ ಸಾಲ್ಮನ್, ಟ್ಯೂನಾ ಚಿತ್ರಗಳಿದ್ದವು. ಯಾವ ಮೀನು ತಿನ್ನಬಹುದು, ಯಾವುದು ಬೇಡ ಅಂತ ಹಸಿರು, ಕೆಂಪು ಪಟ್ಟಿ ಬೇರೆ. ಚನ್ನಗಿರಿ ತಾಲೂಕಿನ ಒಂಬತ್ತನೇ ಕ್ಲಾಸಿಗೆ ಇದನ್ನು ಹೇಗೆ ಮಾಡೋದು ಹೇಳಿ. ಅರ್ಧ ಮಕ್ಕಳ ಮನೆಯಲ್ಲಿ ಮೀನೇ ತಿನ್ನಲ್ಲ. ಉಳಿದವರಿಗೆ ಮೀನೆಂದರೆ ಸೂಳೆಕೆರೆಯ ಕಾಟ್ಲಾ, ರೋಹು, ಇಲ್ಲವೇ ಜಿಲೇಬಿ, ಅಂದರೆ ತಿಲಾಪಿಯಾ. ಆದರೆ ಫೋಟೋ ಹಾಕದಿದ್ದರೆ ಸಂಜೆ ಗ್ರೂಪಿನಲ್ಲಿ ಶಾಲೆಯ ಹೆಸರು ಬಾಕಿ ಪಟ್ಟಿಗೆ ಬೀಳುತ್ತೆ. ಸರಿ, ಮಾಡೋಣ ಅಂದೆ.

ಅವತ್ತೇ ಸುತ್ತಲಿನ ಶಾಲೆಗಳ ಪಾಠ ನೋಡುವ ಸಿಆರ್‌ಪಿ ಬಂದು ಹಿಂದಿನ ಬೆಂಚಲ್ಲಿ ಕೂತರು. ಪ್ರೊಜೆಕ್ಟರ್ ಎಂದಿನಂತೆ ಕೈಕೊಟ್ಟಿತು. ಬಾಯಲ್ಲೇ ಕಾಡ್ ಅನ್ನೋ ಕಡಲ ಮೀನಿನ ಕಥೆ ಹೇಳಿದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಲ್ಲಿ 1968ರಲ್ಲಿ ಸುಮಾರು 8 ಲಕ್ಷ ಟನ್ ಕಾಡ್ ಹಿಡಿದಿದ್ದರು. ಬಾಚಿ ಬಾಚಿ 1992ಕ್ಕೆ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. 30 ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಎರಡು ವರ್ಷ ಅಂತ ಹಾಕಿದ ನಿಷೇಧ ತೆಗೆಯೋಕೆ 2024 ಆಯಿತು. ಮಕ್ಕಳು ಕಣ್ಣರಳಿಸಿ ಕೇಳಿದರು. ನನಗೂ ಹುರುಪು ಬಂತು.

ಆಮೇಲೆ ಆಟ. ಒಂದು ತಟ್ಟೆಯಲ್ಲಿ ಹದಿನಾರು ಶೇಂಗಾ, ಸುತ್ತ ನಾಲ್ವರು. ಪ್ರತಿ ಸುತ್ತಿನಲ್ಲೂ ಎಷ್ಟು ಬೇಕಾದರೂ ತಗೋಬಹುದು. ತಟ್ಟೆಯಲ್ಲಿ ಉಳಿದಷ್ಟನ್ನು ನಾನು ಡಬಲ್ ಮಾಡ್ತೀನಿ, ಅದೇ ಮರಿ. ಶೇಂಗಾ ಯಾಕೆ ಆರಿಸಿದೆನೋ, ಲೆಕ್ಕಕ್ಕೆ ಸಿಗುವ ಮುಂಚೆಯೇ ಬಾಯಿಗೆ ಹೋಗ್ತಿತ್ತು. ಕಿಟಕಿ ಪಕ್ಕದ ತಂಡದಲ್ಲಿ ಒಬ್ಬ ಹುಡುಗ ಮೊದಲ ಸುತ್ತಿಗೇ ಎರಡೂ ಕೈಯಲ್ಲಿ ತಟ್ಟೆ ಗುಡಿಸಿದ.

'ನೋಡಿ, ಇದೇ ದುರಾಸೆ' ಅಂದೆ. ನಾನು ಕಾಯ್ತಿದ್ದ ಕ್ಷಣವೇ ಅದು.

'ದುರಾಸೆ ಅಲ್ಲ ಸರ್. ಮುಂದಿನ ವರ್ಷ ಮತ್ತೆ ಬೀಜ ಬಿಡ್ತಾರಲ್ಲ?'

ಕ್ಲಾಸು ಗೊಳ್ಳೆಂದಿತು. 'ತಲೆಹರಟೆ ಬೇಡ, ಕೂತ್ಕೋ' ಅಂದೆ. ಅವನು ಕೂರಲಿಲ್ಲ. ಸಿಆರ್‌ಪಿ ಬರೆಯೋದು ನಿಲ್ಲಿಸಿ, 'ಹೇಳಪ್ಪ, ಏನು ಬೀಜ?' ಅಂದರು. ಶುರುವಾಯಿತು ನೋಡಿ. ಅವನ ಅಪ್ಪ ಕೆರೆಯಲ್ಲಿ ಬಲೆ ಹಾಕುವವರು. ಮೀನುಮರಿ ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತಂತೆ. ಬಂದ ತಕ್ಷಣ ಸುರಿಯೋ ಹಾಗಿಲ್ಲ. ಚೀಲವನ್ನು ಹಾಗೇ ನೀರ ಮೇಲೆ ಸ್ವಲ್ಪ ಹೊತ್ತು ತೇಲಿಬಿಟ್ಟು, ಒಳಗಿನ ನೀರೂ ಕೆರೆ ನೀರೂ ಒಂದೇ ಹದಕ್ಕೆ ಬಂದಮೇಲೆ ಬಾಯಿ ಬಿಚ್ಚಬೇಕು. ಕಾಟ್ಲಾ, ರೋಹು ನಿಂತ ನೀರಲ್ಲಿ ಮರಿ ಮಾಡಲ್ಲ, ಅದಕ್ಕೇ ಬಿಡೋದು. 'ಜಿಲೇಬಿ ಮಾತ್ರ ತಾನೇ ಮಾಡ್ಕೊಳ್ಳುತ್ತೆ ಸರ್.' ಈಗ ಎಲ್ಲರೂ ನನ್ನ ಮುಖ ನೋಡಿದರು. ನನ್ನ ಕೈಯಲ್ಲಿ ಮಾಡ್ಯೂಲು, ಅದರ ಮೇಲೆ ಸಾಲ್ಮನ್. ಪುಟ ತಿರುವಿದೆ, ಸುಮ್ನೆ. ಬೆಲ್ಲಾದರೂ ಹೊಡೆಯಬಾರದಾ ಅನ್ನಿಸಿತು.

ಕೊನೆಗೆ ಅವನನ್ನೇ ಕೇಳಿದೆ: 'ಕಡಲಿಗೆ ಬೀಜ ಬಿಡೋರು ಯಾರು?' ಯೋಚಿಸಿ, 'ಯಾರೂ ಇಲ್ಲ' ಅಂದ. ಅಲ್ಲಿಂದ ಪಾಠ ಹಳಿಗೆ ಬಂತು. ಕೆರೆಯದು ಬಿತ್ತಿದ ಬೆಳೆ. ಕಡಲಿನ ಬೂತಾಯಿ, ಬಂಗುಡೆ ಹಾಗಲ್ಲ, ಉಳಿದದ್ದೇ ಮುಂದಿನ ಬೀಜ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯದಿರುವುದು ಅದಕ್ಕೇ. ಮಾಡ್ಯೂಲ್‌ನಲ್ಲಿ ಈ ಸಾಲೇ ಇಲ್ಲ. ಬರೆದವರು ಯಾವ ಊರವರೋ.

ಹೋಂವರ್ಕ್ ನಾನೇ ಬದಲಾಯಿಸಿದೆ. ಕೇರಳದ ನಿಯಮದಲ್ಲಿ ಬಂಗುಡೆ 14 ಸೆಂಟಿಮೀಟರ್, ಬೂತಾಯಿ 10 ಇರಬೇಕು. ಅದಕ್ಕಿಂತ ಚಿಕ್ಕದನ್ನು ಹಿಡಿಯುವಂತಿಲ್ಲ. ಕಂಪಾಸ್ ಬಾಕ್ಸಿನ ಸ್ಕೇಲು ಹದಿನೈದು, ಸಾಕಲ್ವಾ? ಸಂತೆಯಲ್ಲಿ ಐಸ್ ಮೀನು ಅಳೆದು ಬನ್ನಿ ಅಂದೆ. ಮೀನು ತಿನ್ನದ ಮನೆಯವರು ಬರೆದುಕೊಳ್ಳಲಿ, ಮುಟ್ಟೋದು ಬೇಡ ಅಂತಲೂ ಹೇಳಿದ್ದೆ. ಆದರೂ ಒಬ್ಬ ತಂದೆ ಎಚ್‌ಎಂಗೆ ಫೋನ್ ಮಾಡಿ, 'ಸ್ಕೂಲಲ್ಲಿ ಮೀನು ತಿನ್ನೋದು ಕಲಿಸ್ತೀರಾ?' ಅಂದರು. ಎಚ್‌ಎಂ ಆ ಫೋನನ್ನು ನನ್ನ ಕೈಗೇ ಕೊಟ್ಟು ಎಸ್‌ಎಟಿಎಸ್‌ನಲ್ಲಿ ಮಕ್ಕಳ ಆನ್‌ಲೈನ್ ದಾಖಲೆ ಎಂಟ್ರಿ ಇದೆ ಅಂತ ಹೊರಟರು.

ಅಳತೆ ಹೆಚ್ಚು ಬರಲಿಲ್ಲ. ಮೀನಿನಮ್ಮ ಎರಡು ಬಂಗುಡೆ ಅಳೆಯೋಕೆ ಬಿಟ್ಟಿದ್ದರು, 17 ಮತ್ತು 19. ಸ್ಕೇಲು ಎರಡು ಸಲ ಇಡಬೇಕಾಯಿತಂತೆ. ಮೂರನೆಯದಕ್ಕೆ ಕೈ ಹಾಕಿದಾಗ, 'ತಗೊಳ್ಳೋದಾದ್ರೆ ತಗೊಳ್ರಪ್ಪ, ಇಲ್ಲಾಂದ್ರೆ ಜಾಗ ಬಿಡಿ' ಅಂದರಂತೆ. ನಾನು ಅಪ್‌ಲೋಡ್ ಮಾಡಿದ್ದು ಶೇಂಗಾ ತಟ್ಟೆಯ ಫೋಟೋ.